ಚುಕ್ಕಿ ಬೆನ್ನು

ಬೆರಳ ಗಂಟಿನ ಮೇಲೆ ಬಳೆ ಸಿಕ್ಕಿಕೊಂಡು ಉರಿಯುತ್ತಿದೆ, ಮೆಹಬೂಬ್‌ಬೀ ಕೈ ಹಿಂಡುತ್ತಿದ್ದಾಳೆ, ಸಡ್ಲ ಬಿಡಬೇ ಜೋಗಮ್ಮ, ಹಿಂಗ ಬಿಗಿ ಹಿಡದ್ರ ಬಳಿ ಹ್ಯಾಂಗ ಇಡಸ್ಲಿ — ಬಿಗಿ ಹಿಡಿದದ್ದು ನನಗೇ ಗೊತ್ತಿಲ್ಲ, ಬೆಳಗಿನಿಂದ ಸಸಿ ಹಚ್ಚಿ ಬೆರಳು ಉಬ್ಬಿವೆ, ಬೇಡ ಎನ್ನಬೇಕೆಂದೇ ಬಂದು ಕೂತವಳು, ಕೈ ಚಾಚಿಬಿಟ್ಟಿದ್ದೇನೆ. ಮೂರನೇ ವರ್ಷ, ಇದೇ ಕಟ್ಟೆ, ಮಸ್ಕಿಯಿಂದ ಬರುವ ಇವಳ ಇದೇ ಬಳೆ ಬುಟ್ಟಿ, ಇದೇ ಹಸಿರು. ಪಕ್ಕದಲ್ಲಿ ಅತ್ತೆ ಮುದುಕಮ್ಮ ಕೂತಿದ್ದಾಳೆ, ಹಸರು ಇಡಸು, ಕೈ ತುಂಬ ಇಡಸು, ಹೆಣಾ ಕಂಡವರು ಯಾರದಾರ, ಬರ್ತಾನ ನನ್ ಮಗ. ಎಲ್ಲಿಂದ ಬರುತ್ತಾನೆ ಅತ್ತೆ, ಆ ನೀರಿನಿಂದಲೇ? ನನ್ನ ಗಂಡ ಅಂಬಪ್ಪ ನೀರು ಅಂತ ಕಂಡದ್ದೇ ಜವಳಗೇರಾದ ಕಾಲುವೆ, ಮಲ್ಪೆಗೆ ಹೋಗಿ ಮೀನಿನ ಬೋಟಿನಲ್ಲಿ ಕೂಲಿಗೆ ನಿಂತ, ಉಗಾದಿಗೆ ಬಂದಾಗ ಒಣಮೀನಿನ ಗಂಟು ಬಿಚ್ಚುತ್ತ ಹೇಳಿದ್ದ, ಕಾಲುವಿಗೆ ಎರಡು ದಂಡಿ, ಸಮುದ್ರಕ್ಕ ಒಂದೇ ದಂಡಿ ಐತಿ ನೋಡು, ಇನ್ನೊಂದು ಯಾರೂ ಕಂಡಿಲ್ಲ — ಲೊಳೆಲೊಳೆ ಬಟ್ಟಲಿನಂಥ ಜೀವಗಳು ತೇಲುತ್ತವಂತೆ, ಮುಟ್ಟಿದರೆ ಮೈಯೆಲ್ಲ ಉರಿ, ಆಮೆ ಬಲೆಗೆ ಬಿದ್ದರೆ ಕಣ್ಣೀರು ಹಾಕುತ್ತದಂತೆ, ಪಾಪ ಅಂತ ಬಿಟ್ಟುಬಿಡುತ್ತಾರಂತೆ. ಆಮೆಯನ್ನು ಬಿಟ್ಟರು. ಅವತ್ತು ಅತ್ತೆ ರೊಟ್ಟಿಗೆ ಆ ಒಣಮೀನು ಹಚ್ಚಿಕೊಂಡು ಬೆರಳು ನೆಕ್ಕಿ ತಿಂದಿದ್ದಳು, ಇನ್ನಾ ತರ್ಬೇಕಿತ್ತಲೋ. ಆಮೇಲೆ ಎಂಬತ್ತೊಂಬತ್ತರ ದಸರೆಗೆ ಬಂದವನು ಅದೇ ಬೋಟಿನ ಅಯ್ಯಪ್ಪ ಒಬ್ಬನೇ, ಹೊಸ್ತಿಲ ಆಚೆಯೇ ನಿಂತು, ಬಸ್ಸಿನಷ್ಟು ದೊಡ್ಡ ಮೀನವ್ವಾ, ಬಲ್ಯಾಗ ಸಿಕ್ತು, ಹಗ್ಗ ಅಂಬಪ್ಪನ ಕಾಲಿಗೆ ಸುತ್ತಿತ್ತು, ಬೆನ್ನ ತುಂಬ ಬಿಳಿ ಚುಕ್ಕಿ, ಇವನ್ನ ಎಳಕೊಂಡು ಮೆಲ್ಲಕ ಇಳೀತು. ಮೆಲ್ಲಕ. ಅವಸರವೇ ಇಲ್ಲ ಅದಕ್ಕೆ, ಮೂರು ವರ್ಷದಿಂದ ಇಳಿಯುತ್ತಲೇ ಇದೆ, ಸಸಿ ಹಚ್ಚಲು ಬಗ್ಗಿದರೆ ಗದ್ದೆಯ ಮೊಣಕಾಲು ನೀರಿನಲ್ಲೂ ಅದೇ ಚುಕ್ಕಿ ಬೆನ್ನು. ಸಾಕಾಗಿದೆ ನನಗೆ. ಲಿಂಗಸುಗೂರಿನಿಂದ ಅಣ್ಣ ಕನಕರಾಯ ಬಂದು ಹೇಳಿಹೋಗಿದ್ದಾನೆ, ಎಲ್ಲಿತನಕ ಇಲ್ಲದವನ ಹೆಸರಿಗೆ ಬಳಿ ಇಟಗೊಂತಿ, ಈ ಸಲ ಬ್ಯಾಡನ್ನು, ಗಂಡು ನೋಡೀನಿ, ಉಡಿಕಿ ಮಾಡಿ ಇನ್ನೊಂದು ಮನಿ ಸೇರಸ್ತೀನಿ, ಇನ್ನಾ ಇಪ್ಪತ್ತೈದು ನಿನಗ — ಹೌದು, ಈಗ ಹೇಳಿಬಿಡುತ್ತೇನೆ, ಅತ್ತೆ ಅವನು ಬರುವುದಿಲ್ಲ ಅಂತ — ಕಟ್ಟೆಯ ಮುಂದೆ ನೆರೆಮನೆಯ ಹುಸೇನಮ್ಮ, ಸಿಂಧನೂರು ಸಂತೆಗೆ ಹೋಗಿ ಬಂದವಳು, ಅತ್ತೆಯ ಮುಂದೆ ಗಂಟು ಇಟ್ಟು, ಯಕ್ಕಾ ಒಣಮೀನ ತಂದೀನಿ, ಸಮುದ್ರದ್ದು, ನಿನಗ ಸೇರ್ತೈತಲ್ಲ. ಅತ್ತೆ ಗಂಟನ್ನು ಕೈಯಿಂದ ಮುಟ್ಟಲೂ ಇಲ್ಲ, ಕಾಲಿನಿಂದ ದೂರ ತಳ್ಳಿದಳು, ತಗಿ ಅದನ್ನ, ನಾ ತಿನ್ನಂಗಿಲ್ಲ, ಅದು ಯಾರನ್ನ ತಿಂದೈತೋ ಏನೋ — ಅಂದವಳೇ ಬಾಯಿಗೆ ಸೆರಗು ಒತ್ತಿಕೊಂಡಳು.

ಮೂರು ವರ್ಷದಿಂದ ಅವಳ ಗಂಗಾಳದಲ್ಲಿ ಮೀನು ಕಂಡಿಲ್ಲ, ಹಲ್ಲಿಲ್ಲ ಅನ್ನುತ್ತಿದ್ದಳು, ನಾನು ನಂಬಿದ್ದೆ. ಗೊತ್ತಿದೆ ಮುದುಕಿಗೆ. ಮೊದಲ ದಿನದಿಂದಲೇ ಗೊತ್ತಿದೆ, ಗೊತ್ತಿದ್ದೂ ನನ್ನ ಕೈಯ ಹಸಿರು ನೋಡಿಕೊಂಡು ದಿನ ಕಳೆದಿದ್ದಾಳೆ, ಈಗಲೂ ನನ್ನ ಮುಖ ನೋಡುತ್ತಿಲ್ಲ, ಕೈಯನ್ನೇ ನೋಡುತ್ತಿದ್ದಾಳೆ, ಅಯ್ಯೋ ಇವಳಿಗೆ ನಾನು ಏನಂತ ಹೇಳಲಿ, ಅಣ್ಣನಿಗೆ ಏನಂತ ಹೇಳಿಕಳಿಸಲಿ — ಹಾಂ, ಈಗ ಸಡ್ಲ ಬಿಟ್ಟಿ ನೋಡು, ಮೆಹಬೂಬ್‌ಬೀ ಅಂದಳು, ಬಳೆ ಗಂಟು ದಾಟಿತು, ಹಸಿರು, ಮತ್ತೊಂದು ಹಸಿರು, ನೀರು, ಬೆನ್ನ ತುಂಬ ಬಿಳಿ ಚುಕ್ಕಿ, ಇಳಿಯುತ್ತಿದೆ, ಮೆಲ್ಲಕ, ಬಿಳಿ ಚುಕ್ಕಿ, ಮೆಲ್ಲಕ