ಮಿಣುಕದ ಹೆಸರು

ಪರದೆಯ ಮೇಲೆ ಹಸಿರು ಗೆರೆಯೊಂದು ಮಿಣುಕುತ್ತಿದೆ, ಹೊತ್ತುತ್ತದೆ, ಆರುತ್ತದೆ, ಮತ್ತೆ ಹೊತ್ತುತ್ತದೆ, ಉದ್ಯಮಬಾಗದ ಕಾರಖಾನೆಗಳ ಎರಕದ ಭಟ್ಟಿಗಳ ಕರಿ ಧೂಳು ಕಿಟಕಿ ಹಾಕಿದರೂ ಒಳಗೆ ಬಂದು ಕೀಲಿಮಣೆಯ ಮೇಲೆ ಕೂತಿದೆ, ಬಿಲ್ಕೀಸ ಸೆರಗಿನ ತುದಿಯಿಂದ ಒರೆಸುತ್ತಾಳೆ — ಎಂಬತ್ತೆಂಟನೆಯ ಇಸವಿ ಅರ್ಧ ಮುಗಿಯಿತು, ಕಂಪ್ಯೂಟರ್ ಕಲಿತು ಎರಡು ವರ್ಷ, ದವಾಖಾನೆಗಳಿಗೆ ಮಾರುವ ಈ ಪ್ರೋಗ್ರಾಮು ಅವಳೊಬ್ಬಳೇ ಬರೆಯುತ್ತಿರುವ ಮೊದಲನೆಯದು, ನಾಲ್ಕಕ್ಕೆ ಡಾಕ್ಟರು ನೋಡಲು ಬರುತ್ತಾರೆ, ಮಾಲಕ ಗುರುಪುತ್ರಪ್ಪ ಬೆಳಿಗ್ಗೆಯಿಂದ ಮೂರು ಸಲ ಮೆಟ್ಟಿಲು ಹತ್ತಿ ಬಂದು ಒಂದೇ ಮಾತು ಹೇಳಿದ್ದಾನೆ, ಬಿಲ್ಕೀಸಬಾಯಿ, ಹೆಸರ ಹೊಡದ ಕೂಡ್ಲೆ ರೋಗ ಮಿಣಮಿಣ ಅನಬೇಕ ನೋಡ್ರಿ, ಬಾಗಲದಾಗ ನಿಂತ ಕಂಪೌಂಡರಗೂ ಕಾಣಬೇಕು, ಗುಟ್ಟ ಗಿಟ್ಟ ಬೇಕಂದ್ರ ಆಮ್ಯಾಲೆ ಒಂದ ಕೀಲಿ ಜಡದ್ರಾತು. ಆಮ್ಯಾಲೆ! ಪಡಸಾಲ್ಯಾಗ ಬಚ್ಚಲಾ ಕಟ್ಟಿ ಆಮ್ಯಾಲೆ ಪರದಾ ಬಿಡತೀವಿ ಅಂದಂಗ ಆತಲ್ರಿ ಸಾವಕಾರ್ರ, ಎಂದಿದ್ದಳು ಅವಳು, ಅವನು ಹೊಟ್ಟೆ ಕುಣಿಸಿ ನಕ್ಕು, ನಿಮ್ಮ ಮಂದಿಗೆ ಬರೇ ಪರದಾದ್ದ ಚಿಂತಿ ಬಿಡ್ರಿ, ಎಂದು ಇಳಿದು ಹೋದ. ಮೊದಲಿನಿಂದಲೇ ಹಾಗೆ ಕಟ್ಟಿದ್ದರೆ ಮಿಣುಕಿಸುವುದು ಕಷ್ಟವಿರಲಿಲ್ಲ, ಒಂದು ಸಾಲು ಸಾಕಿತ್ತು, ಹಿಂದೆ ಅವಳು ಕೆಲಸಕ್ಕಿದ್ದ ಖಾನಾಪುರದ ದವಾಖಾನೆಯಲ್ಲಿಯೂ ಕಷ್ಟವಿರಲಿಲ್ಲ, ಎರಡು ಪೆನ್ನು ಇದ್ದರೆ ಆಗುತ್ತಿತ್ತು — ಇಪ್ಪತ್ತೆರಡರ ಹುಡುಗಿ, ಹೆಸರು ಬರೆದುಕೊಳ್ಳುವ ಕೆಲಸ, ಅಕ್ಷರ ಮುತ್ತಿನ ಹಾಗೆ ಎಂಬ ಹೊಗಳಿಕೆ ತಲೆಗೇರಿತ್ತು, ಜ್ವರ ನೆಗಡಿಯೆಲ್ಲ ನೀಲಿ ಶಾಯಿ, ಟಿ.ಬಿ. ಬಂದರೆ ಕೆಂಪು, ಡಾಕ್ಟರ ಕಣ್ಣಿಗೆ ತಟ್ಟನೆ ಬೀಳಲಿ ಎಂದು ಅವಳದೇ ಯುಕ್ತಿ, ರಜಿಸ್ಟರನ್ನು ಮಂದಿಯ ಕಡೆಗೇ ತಿರುಗಿಸಿ ಇಡುತ್ತಿದ್ದಳು, ತಮ್ಮ ಸಾಲು ತಾವೇ ಹುಡುಕಿ ಸಹಿಯನ್ನೋ ಹೆಬ್ಬೆಟ್ಟನ್ನೋ ಒತ್ತಲಿ ಎಂದು. ಗೆಳತಿ ರೇಣವ್ವನ ಸಾಲೂ ಕೆಂಪೇ. ನಂದಗಡದಲ್ಲಿ ಇಬ್ಬರದೂ ಒಂದೇ ಓಣಿ, ಖಾನಾಪುರಕ್ಕೆ ಒಂದೇ ಬಸ್ಸು, ಕಿಟಕಿಯ ಸೀಟು ಯಾವಾಗಲೂ ರೇಣವ್ವನದು, ಮನೆಯವರು ಓಣಿಗೆಲ್ಲ ಹೇಳಿದ್ದು ಹುಡುಗಿ ಹೊಲಿಗೆ ಕಲಿಯಲು ಹೋಗುತ್ತಾಳೆ ಎಂದು, ಬಿಲ್ಲೂ, ಹೊಲಿಗಿ ಅಂದಿದ್ದು ಪೂರಾ ಸುಳ್ಳೇನಲ್ಲ ನೋಡ, ಸೂಜಿ ಅಂತೂ ಐತಿ, ಎಂದು ಚುಚ್ಚಿಸಿಕೊಂಡ ತೋಳು ತಿಕ್ಕುತ್ತ ನಗುವಳು, ಆ ನಗು, ಶೇಂಗಾ ಸಿಪ್ಪೆ ಉಡಿಯಿಂದ ಉದುರುತ್ತಿದ್ದದ್ದು, ಅದನ್ನು ಕೇಳದೆ ನಾಲ್ಕು ವರ್ಷ, ಹತ್ತು ಸೂಜಿ ಬಾಕಿಯಿತ್ತು ಅಷ್ಟೇ, ಕೆಮ್ಮು ಹೋಗಿತ್ತು, ಮೈ ತುಂಬಿತ್ತು, ನಿಶ್ಚಯವೂ ಆಗಿತ್ತು. ಅವತ್ತು ರೇಣವ್ವ ಸೂಜಿ ಮಾಡಿಸಿಕೊಂಡು ಹೊರಗೆ ಬಂದು ತನ್ನ ಸಾಲು ಬರೆಸಿದಳಷ್ಟೇ, ಎದುರಿಗೆ ಅತ್ತೆಯಾಗಬೇಕಿದ್ದ ಶಿವಲಿಂಗವ್ವ, ಮೊಣಕಾಲು ನೋವೆಂದು ಬಂದವಳು, ರೇಣವ್ವ ಮುಖ ಅರಳಿಸಿ, ಬಿಲ್ಲೂನ್ನ ನೋಡಾಕ ಬಂದಿದ್ನಿರಿ ಅತ್ತಿ, ಎಂದಳು, ಶಿವಲಿಂಗವ್ವ ನಂಬಿದಳು, ಗಲ್ಲ ಸವರಿದಳು, ಹೆಬ್ಬೆಟ್ಟು ಒತ್ತಲು ರಜಿಸ್ಟರಿನ ಮೇಲೆ ಬಗ್ಗಿದಳು — ಓದು ಬಾರದವಳು, ಬಣ್ಣ ಕಾಣದವಳಲ್ಲ — ಎಲ್ಲಾ ನೀಲಿ ಐತಿ, ಇದೊಂದ್ಯಾಕ ಕೆಂಪ ಬರದಿಯವಾ, ಎಂದಳು, ಹಿಂದೆ ನಿಂತಿದ್ದವನೊಬ್ಬ ಯಾರೂ ಕೇಳದೆಯೇ ಕತ್ತು ಚಾಚಿ ಓದಿಬಿಟ್ಟ, ರೇಣವ್ವ, ನಂದಗಡ, ಟಿ.ಬಿ., ಅವನ ಬಾಯಿ ಮುಚ್ಚುವುದರೊಳಗೆ ರೇಣವ್ವ ಆ ಸಾಲಿನ ಮೇಲೆ ಅಂಗೈ ಅಪ್ಪಳಿಸಿದ್ದಳು, ಶಾಯಿ ಇನ್ನೂ ಆರಿರಲಿಲ್ಲ. ಬೈಯಲಿಲ್ಲ, ಒಂದು ಮಾತು ಬೈದಿದ್ದರೆ! ನಿಶ್ಚಯ ಮುರಿಯಿತು, ಕಣಕುಂಬಿಯ ಚಿಗವ್ವನ ಮನೆಗೆ ಕಳಿಸಿದರು, ಬಿಲ್ಕೀಸಳ ಮೂರು ಕಾಗದ ಹೋದವು, ಉತ್ತರ ಬರಲಿಲ್ಲ, ಒಮ್ಮೆ ತಾನೇ ಹೋದಳು, ಚಿಗವ್ವ ಬಾಗಿಲು ಬಿಟ್ಟು ಸರಿಯದೆ, ಅಕಿ ಮನ್ಯಾಗಿಲ್ಲಬೇ ತಂಗಿ, ಎಂದಾಗ ಒಳಗೆ ಪಾತ್ರೆ ತಿಕ್ಕುತ್ತಿದ್ದ ಕೈಯ ಬಳೆಗಳ ಸದ್ದು ಥಟ್ಟನೆ ನಿಂತಿತ್ತು, ಬಸ್ಸು ಬರುವ ತನಕ ಎದುರಿನ ಕಟ್ಟೆಯ ಮೇಲೆ ಕೂತಿದ್ದಳು ಬಿಲ್ಕೀಸ, ಆ ಬಳೆಗಳು ಮತ್ತೆ ಸದ್ದು ಮಾಡಲಿಲ್ಲ, ಎಷ್ಟು ಹೊತ್ತು ಹಾಗೆ ಕೈ ಅಲುಗಿಸದೆ ಕೂತಿದ್ದಳೋ ರೇಣವ್ವ ಒಳಗೆ — ಇಲ್ಲಿ, ಪರದೆಯ ಮುಂದೆ, ಮೂರೂವರೆ ಆಯಿತು. ಕೀಲಿ ಆಮೇಲೆ ಜಡಿಯುವುದಲ್ಲ, ಗೋಡೆಯೇ ಹಾಗೆ ಏಳಬೇಕು, ಹದಿನೈದು ದಿನದಿಂದ ಅವಳು ಎಬ್ಬಿಸಿದ್ದೂ ಅದನ್ನೇ, ಹೆಸರು ಒಂದು ಕಡತದಲ್ಲಿ, ರೋಗ ಇನ್ನೊಂದರಲ್ಲಿ, ನಡುವೆ ಬರೀ ಒಂದು ನಂಬರು, ಕಂಪೌಂಡರನಿಗೆ ನಂಬರು ಕಂಡರೆ ಸಾಕು, ಡಾಕ್ಟರು ತಮ್ಮ ಗುಟ್ಟಿನ ಶಬ್ದ ತಾವೇ ಹೊಡೆದ ಹೊರತು ಎರಡೂ ಕೂಡುವುದಿಲ್ಲ, ಇನ್ನು ಮಿಣುಕಿಸಬೇಕೆಂದರೆ ಪಾಯದಿಂದ ಕಿತ್ತು ಕಟ್ಟಬೇಕು, ಸಾವಕಾರ ಕೂಗಾಡುತ್ತಾನೆ, ನಾಳಿಂದ ಬರಬ್ಯಾಡ್ರಿ ಅಂದರೂ ಅಂದಾನು, ಅನ್ನಲಿ — ತಾನೇ ಡಾಕ್ಟರ ಜಾಗದಲ್ಲಿ ಕೂತು ಪರೀಕ್ಷೆಗೆಂದು ತುಂಬಿದ ಒಂದು ಹೆಸರು ಒಳಗಿದೆ, ಈಗ ಕಂಪೌಂಡರನ ಜಾಗದಲ್ಲಿ ಕೂತು ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯುತ್ತಾಳೆ, ರೇಣವ್ವ, ಯಂತ್ರ ಗುರುಗುಟ್ಟುತ್ತದೆ, ಹದಿನೇಳು ಎಂಬ ಅಂಕಿ ಬಂತು, ಅದರ ಮುಂದೆ ಕತ್ತಲು, ಮತ್ತೆ ಹೊಡೆಯುತ್ತಾಳೆ, ಹದಿನೇಳು, ಎಷ್ಟು ಸಲ ಹೊಡೆದರೂ ಅಷ್ಟೇ, ಹೇಳುವುದಿಲ್ಲ, ಅವಳಿಗೂ ಹೇಳುವುದಿಲ್ಲ, ಎಲ್ಲಿದ್ದಾಳೆ, ಹೇಗಿದ್ದಾಳೆ, ಬಿಲ್ಲೂ ಎಂದು ಯಾರ ಹತ್ತಿರವಾದರೂ ಒಮ್ಮೆ ಅಂದಳೋ — ಮೆಟ್ಟಿಲ ಮೇಲೆ ಹೆಜ್ಜೆ, ಬರ್ರಿ ಡಾಕ್ಟರಸಾಹೇಬ್ರ, ಮ್ಯಾಲೆ ಬರ್ರಿ, ಗುರುಪುತ್ರಪ್ಪನ ದನಿ, ಏಳಬೇಕು, ಕುರ್ಚಿ ಬಿಡಬೇಕು, ಏಳುವುದಾಗುತ್ತಿಲ್ಲ, ಹದಿನೇಳರ ಮುಂದಿನ ಕತ್ತಲಲ್ಲಿ ಆ ರಜಿಸ್ಟರಿನಿಂದ ಒಂದು ಕೈ ಮೆಲ್ಲಗೆ ಮೇಲೇಳುತ್ತಿದೆ, ಅಂಗೈ ಇವಳ ಕಡೆ ತಿರುಗುತ್ತಿದೆ, ಅದರ ತುಂಬ ಇವಳದೇ ಮುತ್ತಿನಂಥ ಅಕ್ಷರ, ಕೆಂಪಗೆ, ಹಸಿಯಾಗಿ, ತಿರುವುಮುರುವಾಗಿ