ಕಂಬಿಗೆ ಹೇಳಿದ ಮಾತು

ಮೋಸಿ-ಓವಾ-ತುನ್ಯ ಜಲಪಾತ ನೋಡಲು ಬರುವವರಿಗೆ ಬುದ್ಧಿ ಹೇಳುವುದೇ ಹಮೂಂಗನ ಕಸುಬು. ಚಪ್ಪಲಿ ಬೇಡ, ಜಾರದ ಬೂಟು ಹಾಕಿ. ತಿಂಡಿ ಚೀಲ ಕೈಯಲ್ಲಿ ಹಿಡಿಯಬೇಡಿ, ಬಬೂನ್ ಕೋತಿ ಕಿತ್ತುಕೊಂಡು ಹೋಗುತ್ತದೆ. ಏಪ್ರಿಲ್‌ನಲ್ಲಂತೂ ಬರಲೇಬೇಡಿ, ನದಿ ತುಂಬಿರುತ್ತದೆ, ನೀರಿನ ಹೊಗೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಹದಿನಾಲ್ಕು ವರ್ಷ ಹೀಗೆ ಹರಟಿದವನ ಬಾಯಿಗೆ ಈ ದಿನ ಬೀಗ ಬಿದ್ದಿತ್ತು. ಬಂದವಳು ಅವನ ಅತ್ತೆ, ಅದೂ ಏಪ್ರಿಲ್‌ನಲ್ಲೇ.

ಅಳಿಯನಾದವನು ಅತ್ತೆಯ ಮುಖ ನೋಡಬಾರದು, ನೇರವಾಗಿ ಮಾತಾಡಬಾರದು, ಮುಟ್ಟುವುದಂತೂ ದೂರದ ಮಾತು. ಟೋಂಗಾ ಜನರ ಮರ್ಯಾದೆಯೇ ಅದು. ಜೂನ್‌ವರೆಗೆ ಕಾಯೋಣವೆಂದರೆ ಅತ್ತೆಯ ಕಣ್ಣು ಕಾಯುವಂತಿರಲಿಲ್ಲ. ಉಳಿದಿರುವ ಬೆಳಕು ಇನ್ನೊಂದು ತಿಂಗಳು ಮಾತ್ರ ಎಂದಿದ್ದರು ಡಾಕ್ಟರು. ಜಿಂಬಾ ಊರಿನಲ್ಲಿ ಅರವತ್ತು ವರ್ಷ ಬದುಕಿ, ಒಂದು ಗಂಟೆ ದಾರಿಯ ಜಲಪಾತವನ್ನು ಒಮ್ಮೆಯೂ ನೋಡದ ಜೀವ ಅದು.

ಇಬ್ಬರ ನಡುವೆ ಮಾತು ದಾಟಿಸುತ್ತಿದ್ದ ಹೆಂಡತಿ ಲುಯಾಂಡೊ ಜಲಪಾತದ ಎದುರಿನ ಕಾಲುಸೇತುವೆಯ ಹತ್ತಿರ ನಿಂತುಬಿಟ್ಟಳು. ಬೆನ್ನಿಗೆ ಕಟ್ಟಿದ ಕೂಸು ಸೀನತೊಡಗಿತ್ತು.

"ಈ ನೀರಲ್ಲಿ ಮಗೂನ ಕರ್ಕೊಂಡು ಬರಲ್ಲಪ್ಪ. ನೀವಿಬ್ರೇ ಹೋಗಿ ಬನ್ನಿ."

"ನಾವಿಬ್ರೇನಾ?" ಎಂದ ಹಮೂಂಗ.

ಎಲ್ಲ ಪ್ರವಾಸಿಗರಂತೆ ಇಬ್ಬರೂ ಬಾಡಿಗೆಯ ಹಳದಿ ಮಳೆಕೋಟು ತೊಟ್ಟರು. ಹತ್ತು ಹೆಜ್ಜೆ ಮುಂದೆ ನಡೆಯುತ್ತ ಅವನು ಸೇತುವೆಯ ಕಂಬಿಗೆ ಪಾಠ ಶುರುಮಾಡಿದ. "ಏ ಕಂಬಿ, ಎರಡೂ ಕೈಲಿ ನಿನ್ನ ಗಟ್ಟಿಯಾಗಿ ಹಿಡ್ಕೋಬೇಕು. ಹೆಜ್ಜೆ ಚಿಕ್ಕದಾಗಿ ಇಡಬೇಕು, ಕೆಳಗೆ ನೋಡಬಾರ್ದು."

"ಕಂಬಿಗೆ ಕೇಳಿಸ್ತಂತೆ," ಎಂದಿತು ಹಿಂದಿನಿಂದ ಅತ್ತೆಯ ದನಿ.

ನಡುಸೇತುವೆಯಲ್ಲಿ ಹೊಗೆ ಕವಿಯಿತು. ಹಿಂದಿನ ಹೆಜ್ಜೆ ಸದ್ದು ನಿಂತಿತು. ತಿರುಗಿದರೆ, ಹಳದಿ ಮಳೆಕೋಟೊಂದು ಕಂಬಿ ತಬ್ಬಿ ಕುಸಿದು ಕೂತಿದೆ.

"ಕಂಬಿ, ವಾಪಸ್ ಹೋಗೋಣ ಅನ್ನು ಅವರಿಗೆ."

"ಕಾಲು ಹಿಂದಕ್ಕೂ ಬರ್ತಿಲ್ಲ, ಮುಂದಕ್ಕೂ ಬರ್ತಿಲ್ಲ," ಎಂದಳು ಅತ್ತೆ.

ಮುಟ್ಟಿದರೆ ಕುಲಕ್ಕೇ ನಾಚಿಕೆ, ಬಿಟ್ಟರೆ ಮುದುಕಿಯ ಗತಿಯೇನು? ಅವನು ಮುಖ ತಿರುಗಿಸಿಕೊಂಡು ಅವಳ ಹತ್ತಿರ ಬಂದ, ಕೈ ಮಾತ್ರ ಏಳಲಿಲ್ಲ. ಕೊನೆಗೆ ದಾರಿ ತೋರಿಸಿದವಳು ಅತ್ತೆಯೇ.

"ಈ ಹೊಗೇಲಿ ಯಾರು ಯಾರೂಂತ ಯಾರಿಗೆ ಗೊತ್ತು? ಎಲ್ರದೂ ಹಳದಿ ಕೋಟೇ. ಯಾರಾದ್ರೂ ಪುಣ್ಯಾತ್ಮರಿದ್ರೆ ಕೈ ಕೊಡ್ರಪ್ಪಾ."

ಹಮೂಂಗ ಮುಖ ತಿರುಗಿಸಿಕೊಂಡೇ ಕೈಯನ್ನು ಹಿಂದಕ್ಕೆ ಚಾಚಿದ. ತಣ್ಣಗಿನ ಎಲುಬುಗೈಯೊಂದು ಅದನ್ನು ಹಿಡಿಯಿತು. ಆಚೆ ದಡ ಮುಟ್ಟಿದಾಗ ಗಾಳಿ ತಿರುಗಿ ಹೊಗೆ ಸರಿಯಿತು. ನಾಲ್ಕು ಉಸಿರಿನಷ್ಟು ಹೊತ್ತು ಇಡೀ ಜಲಪಾತ ಎದುರಿಗಿತ್ತು. "ಅಯ್ಯೋ ನನ್ನಪ್ಪಾ!" ಎಂದು ಅತ್ತೆ ಅತ್ತುಬಿಟ್ಟಳು. ಅವನು ತನ್ನ ಬೂಟು ನೋಡುತ್ತ ನಿಂತಿದ್ದ; ಕೈ ಬಿಟ್ಟಿರಲಿಲ್ಲ.

ಅದೇ ಕೈ ಹಿಡಿದು ವಾಪಸಾದಳು. ಈಚೆ ದಡ ಬರುತ್ತಲೇ ಕೈ ಬಿಟ್ಟು, ಮಗಳಿಗೆ ಹೇಳಿದಳು: "ಯಾರೋ ಪುಣ್ಯಾತ್ಮ ದಾಟಿಸಿದ ಕಣೇ. ನಿನ್ನ ಗಂಡ ಎಲ್ಲಿದ್ನೋ, ಕಾಣಲೇ ಇಲ್ಲ."

ಲುಯಾಂಡೊ ಗಂಡನತ್ತ ನೋಡಿದಳು. ಅವನು ಮರದ ಕಡೆ ತಿರುಗಿ ಕೋಟು ಬಿಚ್ಚುತ್ತಿದ್ದ.

"ಕಣ್ಣು ಹೋದ ಮೇಲೂ ಒಂದ್ಸಲ ಬರ್ತೀನಿ," ಎಂದಳು ಅತ್ತೆ. "ಆ ಪುಣ್ಯಾತ್ಮ ಅವತ್ತೂ ಸಿಗ್ತಾನಾ, ನಿನ್ನ ಗಂಡನ್ನ ಕೇಳು."

"ಸಿಗ್ತಾನೆ," ಎಂದ ಹಮೂಂಗ, ಮರಕ್ಕೆ.