ಸಾಹೇಬರ ತಲೆಯ ಮಾದರಿ

ಪೊಲೀಸ್ ಪ್ರಯೋಗಾಲಯದ ಕೂದಲು ಪರೀಕ್ಷೆಯ ವಿಭಾಗದಲ್ಲಿ ಕೆಲಸ ಮಾಡುವವರೆಲ್ಲ ತಲೆಗೆ ಬಟ್ಟೆಯ ಟೋಪಿ ಹಾಕಿಕೊಳ್ಳಬೇಕು. ಎಲ್ಲರ ಕೂದಲೂ ಮಾದರಿಗೆಂದು ಬೀರುವಿನಲ್ಲಿರಬೇಕು. ಸಾಕ್ಷ್ಯದ ನಡುವೆ ಸಿಬ್ಬಂದಿಯದೇ ಕೂದಲು ಬಿದ್ದರೆ ಗೊತ್ತಾಗಲಿ ಅಂತ. ಈ ಎರಡೂ ನಿಯಮ ಮಾಡಿದವರು ದೊಡ್ಡ ಸಾಹೇಬರು. ಎರಡನ್ನೂ ಪಾಲಿಸದವರು ಅವರೊಬ್ಬರೇ.

"ನನ್ನ ತಲೆಯಿಂದ ಒಂದು ಕೂದಲೂ ಉದುರಲ್ಲ ಕಣಯ್ಯಾ," ಎಂದು ಅವರು ಹೇಳಿದಾಗಲೆಲ್ಲ ಸಹಾಯಕರು ಆ ಕರ್ರಗಿನ ಸೊಂಪಾದ ಕ್ರಾಪು ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಸಾಹೇಬರು ಹೇಳಿದ್ದು ನಿಜವೇ. ಉದುರುವುದಕ್ಕೆ ಅಲ್ಲಿ ಏನಿತ್ತು ಮಣ್ಣು! ಅದು ವಿಗ್ಗು. ಹೆಂಡತಿಗೆ ಬಿಟ್ಟರೆ ನರಪಿಳ್ಳೆಗೂ ಗೊತ್ತಿರಲಿಲ್ಲ. ಟೋಪಿ ತೆಗೆಯುವಾಗ ಅದೂ ಜೊತೆಗೆ ಬಂದುಬಿಟ್ಟರೆ ಗತಿ ಏನು ಎಂಬ ಭಯ ಅವರಿಗೆ.

ಆ ದಿನ ಬೆಳಿಗ್ಗೆ ಅವರು ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಿತ್ತು. ಚಿನ್ನದಂಗಡಿಯ ಕಳ್ಳತನ. ಪಕ್ಕದಂಗಡಿಯ ದರ್ಜಿ ಜೈಲು ಸೇರಿ ವರ್ಷವಾಗಿತ್ತು. ಅಂಗಡಿಯ ತಿಜೋರಿಗೆ ಹೊದಿಸಿದ್ದ ಬಟ್ಟೆಯನ್ನು ಸಾಹೇಬರು ಪ್ರಯೋಗಾಲಯದಲ್ಲಿ ಬಿಡಿಸಿದಾಗ ಸಿಕ್ಕ ಒಂದು ಕೂದಲು ಬಿಟ್ಟರೆ ಬೇರೆ ಸಾಕ್ಷ್ಯವೇ ಇಲ್ಲ. ಅದು ಅವನದೇ ಎಂದು ಬರೆದುಕೊಟ್ಟವರು ಸಾಹೇಬರು. ಕೂದಲಿಗೆ ಬುಡವಿರಲಿಲ್ಲ, ಎರಡೂ ತುದಿ ಕತ್ತರಿಸಿದಂತಿತ್ತು. ದರ್ಜಿ ಅಲ್ಲವೇ, ಕತ್ತರಿ ತಗುಲಿರಬೇಕು! ಒಂದು ತುದಿ ಕೊಕ್ಕೆಯ ಹಾಗೆ ಬಾಗಿತ್ತು. ದಾರಕ್ಕೆ ಸಿಕ್ಕಿಕೊಂಡಿರಬೇಕು! ಬಣ್ಣ ಹಚ್ಚಿದ ಕೂದಲು. ದರ್ಜಿಯೂ ತಲೆಗೆ ಬಣ್ಣ ಹಚ್ಚುವವನೇ. ಇನ್ನೇನು ಬೇಕು?

ಬೋರಲು ಹಾಕಿದ ಪಾತ್ರೆಯ ಮೇಲೆ ವಿಗ್ಗನ್ನು ಬಾಚುತ್ತಿದ್ದ ಹೆಂಡತಿ ಕೂಗಿದಳು: "ರೀ, ಇದು ಉದುರ್ತಾ ಇದೆ ನೋಡಿ. ಹೋದ ವರ್ಷದಿಂದ ಹೇಳ್ತಾನೇ ಇದೀನಿ, ನೀವು ಕಿವಿಗೇ ಹಾಕ್ಕೊಳ್ಳಲ್ಲ."

ಅವಳ ಬೆರಳಲ್ಲಿದ್ದ ಕೂದಲಿನ ಒಂದು ತುದಿ ಕೊಕ್ಕೆಯ ಹಾಗೆ ಬಾಗಿತ್ತು. ಸಾಹೇಬರು ಅವಳ ಕೈಯಿಂದ ಕೂದಲನ್ನು ಕಸಿದುಕೊಂಡರು. ಅದನ್ನು ಕಾಗದದಲ್ಲಿ ಮಡಿಸಿಕೊಂಡು ಕಾಫಿಯನ್ನೂ ಕುಡಿಯದೆ ಪ್ರಯೋಗಾಲಯಕ್ಕೆ ಓಡಿದರು. ಸೂಕ್ಷ್ಮದರ್ಶಕದಡಿ ಅದನ್ನೂ ಕೇಸಿನ ಕೂದಲನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಅದೇ ಬಣ್ಣ, ಅದೇ ದಪ್ಪ, ವಿಗ್ಗಿನ ಜಾಲರಿಗೆ ಗಂಟು ಹಾಕಿದ ಅದೇ ಬಾಗು. ಅವರಿಗೆ ಅಳು ಬಂದಂತಾಯಿತು, ದರ್ಜಿಗಾಗಿಯೋ ತಮಗಾಗಿಯೋ ತಿಳಿಯಲಿಲ್ಲ. ಉಪಾಯವಾಗಿ ಪಾರಾಗಬೇಕೆಂದುಕೊಂಡರು.

ಕೋರ್ಟಿನಲ್ಲಿ ಮೆಲ್ಲಗೆ, "ಆ ಕೂದಲು ಆರೋಪಿಯದಲ್ಲ ಅನ್ಸುತ್ತೆ," ಎಂದರು.

ಸರ್ಕಾರಿ ವಕೀಲರು ಕೆಂಡವಾದರು. "ಅನ್ಸುತ್ತೆ ಅಂದ್ರೆ? ನಿಮ್ಮ ಕೈಬರಹದಲ್ಲೇ ಇದೆಯಲ್ಲ ಸ್ವಾಮಿ! ಅವನದಲ್ಲ ಅಂದ್ರೆ ಇನ್ಯಾರದು? ನಿಮ್ಮ ಸಿಬ್ಬಂದಿಯದೂ ಅಲ್ಲ, ಮಾದರಿ ಎಲ್ಲ ನೋಡಿದೀರಿ. ಆಕಾಶದಿಂದ ಬಿತ್ತಾ?"

ನ್ಯಾಯಾಧೀಶರು, "ಕಾರಣ ಹೇಳಿ. ಇಲ್ಲದಿದ್ರೆ ಮೊದಲಿನ ವರದಿಯನ್ನೇ ಒಪ್ಕೋಬೇಕಾಗುತ್ತೆ," ಎಂದರು.

ಸಾಹೇಬರು ಸುತ್ತ ನೋಡಿದರು. ಕಟಕಟೆಯಲ್ಲಿ ದರ್ಜಿ ರೆಪ್ಪೆ ಬಡಿಯದೆ ಅವರನ್ನೇ ನೋಡುತ್ತಿದ್ದ. ಹಿಂದಿನ ಸಾಲಿನಲ್ಲಿ ಅವರ ಸಹಾಯಕರೇ ಕೂತಿದ್ದರು, ಹಾಳಾದವರು. ಸಾಹೇಬರು ಕಣ್ಣು ಮುಚ್ಚಿಕೊಂಡು ವಿಗ್ಗು ತೆಗೆದು ಮೇಜಿನ ಮೇಲಿಟ್ಟರು.

"ಇದರದು," ಎಂದರು.

ಕೋರ್ಟಿಗೆ ಕೋರ್ಟೇ ಬಿದ್ದು ಬಿದ್ದು ನಕ್ಕಿತು. ನ್ಯಾಯಾಧೀಶರು ನಗು ನುಂಗಿಕೊಂಡು, ವಿಗ್ಗಿಗೆ ಮೊಹರು ಹಾಕಿ ಪರೀಕ್ಷೆಗೆ ಕಳಿಸಲು ಆಜ್ಞೆ ಮಾಡಿದರು. ಯಾವ ವಿಭಾಗಕ್ಕೆ ಅಂತ ಕೇಳಲೇಬೇಡಿ. ಸಹಾಯಕರು ಟೋಪಿ ಹಾಕಿಕೊಂಡು, ತಮ್ಮ ಸಾಹೇಬರ ತಲೆಯನ್ನು ಎಳೆ ಎಳೆಯಾಗಿ ಪರೀಕ್ಷಿಸಿ, ಹೌದೆಂದು ಬರೆದರು.

ದರ್ಜಿಯ ಬಿಡುಗಡೆಯ ದಿನ ಸಾಹೇಬರು ಬೋಳು ತಲೆಯಲ್ಲೇ ಹೋಗಿ ಜೈಲಿನ ಬಾಗಿಲಲ್ಲಿ ನಿಂತರು. "ತಪ್ಪಾಯ್ತಪ್ಪಾ," ಎಂದು ಕೈ ಮುಗಿದರು.

ದರ್ಜಿ ಅವರ ಮುಖ ನೋಡಲಿಲ್ಲ, ತಲೆ ನೋಡಿದ.

"ಪರೀಕ್ಷೆಗೆ ಅಂತ ನನ್ನ ತಲೆಯಿಂದ ಎಷ್ಟೊಂದು ಕಿತ್ಕೊಂಡ್ರಿ ಸಾಹೇಬ್ರೇ. ಮೊದಲು ನಿಮ್ಮ ತಲೆ ಒಂದ್ಸಲ ಮುಟ್ಟಿ ನೋಡ್ಕೋಬಾರ್ದಿತ್ತಾ?"

ಸಾಹೇಬರ ಕೈ ಅಭ್ಯಾಸಬಲದಿಂದ ಕ್ರಾಪು ಸರಿಮಾಡಿಕೊಳ್ಳಲು ಮೇಲಕ್ಕೆ ಹೋಯಿತು. ದರ್ಜಿ ಅಷ್ಟರಲ್ಲಿ ರಸ್ತೆ ದಾಟಿ ಹೋಗಿದ್ದ.